ದಡ್ಡ ಅಂದ್ಕೊಂಡಿದ್ದ ಹುಡುಗ ಬೆಳಿಗ್ಗೆ ಏನು ತಿಂದಿದ್ದ?

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ ಸರ್ಕಾರಿ ಶಾಲೆಲಿ ನಲಿ-ಕಲಿ ತಗೊಳ್ತೀನಿ, ಅಂದ್ರೆ ಒಂದು ಎರಡು ಮೂರನೇ ಕ್ಲಾಸಿನ ಮಕ್ಕಳು ಎಲ್ಲಾ ಒಂದೇ ರೂಮಲ್ಲಿ. ಕೆಲವು ವರ್ಷದ ಹಿಂದೆ ಎರಡನೇ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಓದೋ ಕಾರ್ಡು ಕೈಲಿ ಹಿಡ್ಕೊಂಡು ಸುಮ್ನೆ ಕೂತ್ಕೊಳ್ಳೋನು, ಕೇಳಿದ್ರೆ ಮೊದಲನೇ ಅಕ್ಷರ ಹೇಳಿ ನಿಲ್ಲಿಸಿಬಿಡೋನು, ಗೋಡೆಗೆ ಒರಗಿ ಕಣ್ಣು ಮುಚ್ಚೋನು. ನಾನೂ ಮನಸ್ಸಲ್ಲಿ ಅವನ್ನ 'ನಿಧಾನ' ಅಂತ ಬರ್ಕೊಂಡಾಗಿತ್ತು. ಒಂದಿನ ಬೆಳಿಗ್ಗೆ ಟ್ರೈನಿಂಗ್ ಇತ್ತು, ಶಾಲೆಗೆ ಬರೋವಷ್ಟೊತ್ತಿಗೆ ಊಟ ಮುಗಿದಿತ್ತು, ಹಾಗಾಗಿ ಓದೋ ಕೆಲಸ ಮಧ್ಯಾಹ್ನ ತಗೊಂಡೆ. ಅದೇ ಹುಡುಗ ಅದೇ ಕಾರ್ಡು ಕೊನೇವರೆಗೂ ಓದಿದ. ಎರಡು ಕಡೆ ತಪ್ಪಿತು, ತಾನೇ ತಿದ್ಕೊಂಡ. ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರ್ಲಿಲ್ಲ.

ಮಾರನೇ ದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಯಾರು ಬೆಳಿಗ್ಗೆ ಏನು ತಿಂದು ಬಂದ್ರು, ಹನ್ನೊಂದೂವರೆ ಹೊತ್ತಿಗೆ ಹೇಗಿದ್ರು, ಊಟ ಆದ್ಮೇಲೆ ಹೇಗಿದ್ರು, ಇಷ್ಟೇ. ಮೊದಲ ದಿನ ಎಲ್ಲರ ಮುಂದೆ ಕೇಳಿ ತಪ್ಪು ಮಾಡಿದೆ, ಒಬ್ಬಳು "ರೊಟ್ಟಿ ತಿಂದೀನ್ರಿ ಅಕ್ಕಾರ" ಅಂದ್ಲು ಅಂತ ಎಲ್ಲರೂ ರೊಟ್ಟಿ ಅಂದ್ರು. ಏನೂ ತಿಂದಿಲ್ಲ ಅಂತ ಹೇಳೋಕೆ ಆರು ವರ್ಷದ ಮಗುಗೂ ನಾಚಿಕೆ ಇರುತ್ತೆ. ಆಮೇಲೆ ಸ್ಲೇಟ್ ತೋರಿಸೋಕೆ ಒಬ್ಬೊಬ್ಬರೇ ಬಂದಾಗ ಮೆಲ್ಲಗೆ ಕೇಳೋಕೆ ಶುರು ಮಾಡಿದೆ. ಆಗ ನಿಜ ಹೊರಬಂತು. "ಚಾ ಕುಡದೀನ್ರಿ." "ಐದ್ ರುಪಾಯಿ ಪಾಕೀಟ ತಿಂದೀನ್ರಿ." "ಅವ್ವ ಹೊಲಕ್ಕ ಹೋಗ್ಯಾಳ್ರಿ." ಹತ್ತಿರ ಹತ್ತಿರ ಅರ್ಧ ಕ್ಲಾಸು ಹೀಗೆ. ಹತ್ತಿ ಬಿಡಿಸೋ ಸೀಸನ್‌ನಲ್ಲಿ ತಾಯಂದಿರು ಬೆಳಕು ಹರಿಯೋ ಮುಂಚೆ ಟಂಟಂ ಆಟೋ ಹತ್ತಿಬಿಡ್ತಾರೆ, ಗುಳೆ ಹೋದವರ ಮಕ್ಕಳು ಅಜ್ಜಿ ಹತ್ರ ಇರ್ತಾರೆ, ಅಜ್ಜಿಗೇ ಕೈಲಾಗಲ್ಲ. ನೋಟ್‌ಬುಕ್ಕಲ್ಲಿ ಒಂದು ತಿಂಗಳು ಬರೆದು ನೋಡಿದ್ರೆ, ನಾನು ನಿಧಾನ ಅಂದ್ಕೊಂಡಿದ್ದ ಮಕ್ಕಳ ಹೆಸರೂ ಬರೀ ಚಾ ಕುಡಿದು ಬಂದವರ ಹೆಸರೂ ಬಹಳ ಕಡೆ ಒಂದೇ ಆಗಿತ್ತು.

ಐದಾರು ವರ್ಷದ ಮಗು ದಿನಕ್ಕೆ ಖರ್ಚು ಮಾಡೋ ಶಕ್ತಿಲಿ ಶೇ. 40ಕ್ಕಿಂತ ಜಾಸ್ತಿ ಬರೀ ಮಿದುಳಿಗೇ ಹೋಗುತ್ತೆ ಅಂತ ಆಮೇಲೆ ಓದಿ ತಿಳ್ಕೊಂಡೆ. ರಾತ್ರಿ ಎಂಟಕ್ಕೆ ಉಂಡ ಮಗು ಮಾರನೇ ದಿನ ಮಧ್ಯಾಹ್ನ ಒಂದರವರೆಗೂ ಬರೀ ಹೊಟ್ಟೆಲಿದ್ರೆ ಹದಿನೇಳು ಗಂಟೆ ಆಯ್ತು, ಅದರ ಮುಂದೆ ನಾನು ಒತ್ತಕ್ಷರದ ಕಾರ್ಡು ಹಿಡೀತಿದ್ದೆ.

ನಮ್ಮಲ್ಲಿ ಬಿಸಿಯೂಟ ಶುರುವಾಗಿದ್ದು 2002ರ ಜೂನ್‌ನಲ್ಲಿ, ಮೊದಲು ಈ ಕಡೆ ಏಳು ಜಿಲ್ಲೆಗೇ, ಕೊಪ್ಪಳನೂ ಅದರಲ್ಲಿತ್ತು. ಅದಕ್ಕೂ ಮುಂಚೆ 2001ರಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟಾನೇ ಕೊಡಬೇಕು ಅಂತ ಹೇಳಿತ್ತು. 2013ರಿಂದ ಕ್ಷೀರಭಾಗ್ಯದ ಹಾಲು, ಒಂದು ಮಗುಗೆ 150 ಎಂಎಲ್. ಅಂದ್ರೆ ಬೇಕಾದ್ದೆಲ್ಲಾ ಶಾಲೆಲೇ ಇತ್ತು, ನಾವು ಅದನ್ನ ಕೊಡೋ ಹೊತ್ತಿನ ಬಗ್ಗೆ ಯೋಚನೆ ಮಾಡಿರ್ಲಿಲ್ಲ ಅಷ್ಟೇ. ಹಾಲನ್ನ ನಾವು ಶಾರ್ಟ್ ಬ್ರೇಕ್‌ಗೆ ಕೊಡ್ತಿದ್ವಿ. ಹೆಡ್‌ಮಾಸ್ಟರ್‌ಗೆ ನೋಟ್‌ಬುಕ್ ತೋರಿಸಿ, ಪ್ರಾರ್ಥನೆ ಮುಗಿದ ತಕ್ಷಣ ಕೊಡೋಣ ಸರ್ ಅಂದೆ. ಅಡುಗೆಯವರು ಅರ್ಧ ಗಂಟೆ ಬೇಗ ಬರಬೇಕಾಗ್ತಿತ್ತು, ಅವರಿಗೆ ಸಿಗೋ ಗೌರವಧನ ಎಷ್ಟು ಕಮ್ಮಿ ಅಂತ ಗೊತ್ತಿದ್ದೂ ಕೇಳೋಕೆ ಹೋಗಿದ್ದೆ, ಆದ್ರೆ ಹಿರಿಯಾಕೆ ನೋಟ್‌ಬುಕ್ ಓದಿಸಿಕೊಂಡು ಕೇಳಿ "ಕೂಸುಗಳು ಉಪವಾಸ ಕುಂಡ್ರೂದು ಬ್ಯಾಡ್ರಿ ಅಕ್ಕಾರ, ನಾ ಬರ್ತೀನಿ" ಅಂದ್ಲು. ಎಸ್‌ಡಿಎಂಸಿ, ಅಂದ್ರೆ ಪಾಲಕರೂ ಇರೋ ಶಾಲಾ ಸಮಿತಿ, ಅದರ ಮೀಟಿಂಗಲ್ಲಿ ವಿಷಯ ಇಟ್ಟಾಗ ಒಬ್ಬ ರೈತರು ಶೇಂಗಾ ಕೊಟ್ರು, ಹುರಿದು ಡಬ್ಬಿಲಿ ಇಟ್ವಿ, ಹಾಲಿನ ಜೊತೆ ಒಂದೊಂದು ಹಿಡಿ ಶೇಂಗಾ ಒಂದು ಚೂರು ಬೆಲ್ಲ. ಜೊತೆಗೆ ನನ್ನ ಟೈಮ್‌ಟೇಬಲ್‌ನೂ ಬದಲಾಯಿಸಿದೆ, ಮೊದಲು ಹಾಡು, ಕತೆ, ಆಮೇಲೆ ಓದು. ಹೊಸ ಅಕ್ಷರ ಕಲಿಸೋದನ್ನ ಹಾಲು ಕುಡಿದು ಮುಕ್ಕಾಲು ಗಂಟೆ ಆದ್ಮೇಲೆ ಇಟ್ಕೊಂಡೆ.

ಎರಡೇ ವಾರದಲ್ಲಿ ಫರಕು ಕಾಣ್ತು. ಎಲ್ಲಾ ಮಕ್ಕಳೂ ಫಟಾಫಟ್ ಓದಿಬಿಟ್ರು ಅಂತಲ್ಲ, ಹನ್ನೊಂದೂವರೆ ಹೊತ್ತಿಗೆ ಜಗಳ ಕಮ್ಮಿ ಆಯ್ತು, ಅಳೋದು ಕಮ್ಮಿ ಆಯ್ತು, ಒಂದು ಕಾರ್ಡಿನ ಮೇಲೆ ಕೂತ್ಕೊಳ್ಳೋ ಹೊತ್ತು ಉದ್ದ ಆಯ್ತು. ಕಲಿಕೆ ಅದರ ಹಿಂದೆ ಬಂತು, ನಿಧಾನಕ್ಕೆ.

ಆದ್ರೂ ಮೂರ್ನಾಲ್ಕು ಮಕ್ಕಳು ಹಾಗೇ ಮಂಕಾಗಿ ಇದ್ರು. ಆರೋಗ್ಯ ತಪಾಸಣೆಗೆ ಬಂದ ಡಾಕ್ಟರ್ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ತೋರಿಸಿದ್ರು, ಬಿಳಿಚಿಕೊಂಡಿತ್ತು, ರಕ್ತಹೀನತೆ. ಇದೇನು ನಮ್ಮೂರಿಗೆ ಮಾತ್ರ ಅಲ್ಲ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ, ಅದೇ ಮಕ್ಕಳು ತಾನೇ ನಮ್ಮ ಒಂದನೇ ಕ್ಲಾಸಿಗೆ ಬರೋದು. ಕಬ್ಬಿಣಾಂಶ ಕಮ್ಮಿ ಆದ್ರೆ ಮಗು ಸುಸ್ತಾಗೋದು ಮಾತ್ರ ಅಲ್ಲ, ಗಮನ, ನೆನಪು ಎಲ್ಲದಕ್ಕೂ ಪೆಟ್ಟು. ವಾರಕ್ಕೊಂದು ಕಬ್ಬಿಣಾಂಶದ ಗುಲಾಬಿ ಮಾತ್ರೆ ಶಾಲೆಗೆ ಬರುತ್ತೆ, ಆದ್ರೆ ಮಕ್ಕಳು ಬಾಯಲ್ಲಿಟ್ಕೊಂಡು ಆಚೆ ಹೋಗಿ ಉಗುಳ್ತಿದ್ರು. ಮನೇಲಿ ಹೊಟ್ಟೆ ನೋವು, ಕರ್ರಗೆ ಆಗುತ್ತೆ ಅಂತ ಬೇಡ ಅಂತಿದ್ರು. ತಾಯಂದಿರನ್ನ ಕರೆದು, ಮಲ ಕಪ್ಪಾಗೋದು ಕಬ್ಬಿಣಾಂಶದಿಂದ, ಹೆದರಬೇಡಿ ಅಂತ ಕೂರಿಸಿ ಹೇಳಿದೆ. ಊಟ ಆದ್ಮೇಲೇ ಕೊಟ್ಟು ನನ್ನ ಮುಂದೇನೇ ನುಂಗಿಸೋಕೆ ಶುರು ಮಾಡಿದೆ. ಫೆಬ್ರವರಿ, ಆಗಸ್ಟ್‌ನಲ್ಲಿ ಕೊಡೋ ಜಂತುಹುಳದ ಮಾತ್ರೆ ದಿನ ಗೈರಾದವರ ಮನೆಗೆ ಆಶಾ ಕಾರ್ಯಕರ್ತೆ ಜೊತೆ ನಾನೇ ಹೋದೆ. ಶಾಲೆ ಹಿಂದೆ ನುಗ್ಗೆ, ನಿಂಬೆ ಹಾಕಿದ್ವಿ, ಸಾಂಬಾರಿಗೆ ನುಗ್ಗೆ ಸೊಪ್ಪು, ತಟ್ಟೆಗೆ ಎರಡು ಹನಿ ನಿಂಬೆ ರಸ, ಹುಳಿ ಇದ್ರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತೆ. ಮಕ್ಕಳಿಗೆ ಚಾ ಕೊಡಬೇಡಿ ಅಂತ ಹೇಳೋದು ಮಾತ್ರ ಇವತ್ತಿಗೂ ಪೂರ್ತಿ ಗೆದ್ದಿಲ್ಲ.

ಇದರ ಮಧ್ಯೆ ಸಾರವರ್ಧಿತ ಅಕ್ಕಿ ಬಂತು. ಅಡುಗೆಯಾಕೆ ಮೊರದಲ್ಲಿ ಅಕ್ಕಿ ಹಿಡ್ಕೊಂಡು ಬಂದು "ಪ್ಲಾಸ್ಟಿಕ್ ಅಕ್ಕಿ ಅದಾವ್ರಿ ಅಕ್ಕಾರ, ನೀರಾಗ ತೇಲ್ತಾವ" ಅಂತ ಹಳದಿ ಕಾಳು ಆರಿಸಿ ಒಂದು ಬಟ್ಟಲಲ್ಲಿ ಹಾಕಿಟ್ಟಿದ್ಲು. ನನ್ನ ಎದೆ ಧಸಕ್ ಅಂತು, ಯಾಕಂದ್ರೆ ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸಿರೋ ಆ ಕಾಳಲ್ಲೇ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಇರೋದು, ಅದನ್ನೇ ಎಷ್ಟು ದಿನದಿಂದ ಆರಿಸಿ ಎಸೀತಿದ್ರೋ! ಬೈದಿದ್ರೆ ಏನೂ ಆಗ್ತಿರ್ಲಿಲ್ಲ. ಆ ಬಟ್ಟಲಿನ ಕಾಳನ್ನೇ ಬೇಯಿಸಿ, ಊರಿನ ತಾಯಂದಿರ ಮುಂದೆ ನಾನು ತಿಂದು ತೋರಿಸಿದೆ.

ಮೊಟ್ಟೆ 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗಕ್ಕೆ ಮೊದಲು ಬಂತು, ತಿನ್ನದವರಿಗೆ ಬಾಳೆಹಣ್ಣು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿಂದ ವಾರಕ್ಕೆ ಆರು ದಿನ ಆಯ್ತು. ಮೊಟ್ಟೆ ದಿನ ಹಾಜರಿ ತುಂಬಿರುತ್ತೆ ಅನ್ನೋದು ಎಲ್ಲಾ ಶಿಕ್ಷಕರಿಗೂ ಗೊತ್ತಿರೋ ಮಾತು.

ಊಟ ಕೊಟ್ರೆ ಓದು ಬರುತ್ತಾ ಅಂತ ಕೇಳೋರಿಗೆ ಒಂದು ಮಾತು ಹೇಳ್ತೀನಿ. ಇಡೀ ದೇಶದ ಹಳ್ಳಿ ಮಕ್ಕಳ ಅಂಕಿ ಅಂಶ ಇಟ್ಕೊಂಡು 2019ರಲ್ಲಿ ತನಿಕಾ ಚಕ್ರವರ್ತಿ, ರಾಜಶ್ರೀ ಜಯರಾಮನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷದಷ್ಟು ಕಾಲ ಬಿಸಿಯೂಟ ಸಿಕ್ಕ ಮಕ್ಕಳ ಓದಿನ ಅಂಕ ಒಂದು ವರ್ಷಕ್ಕಿಂತ ಕಮ್ಮಿ ಸಿಕ್ಕವರಿಗಿಂತ ಶೇ. 18ರಷ್ಟು ಜಾಸ್ತಿ ಇತ್ತು, ಗಣಿತದಲ್ಲಿ ಶೇ. 9. ಅದು ವರ್ಷಗಟ್ಟಲೆ ಉಂಡ ಊಟದ ಲೆಕ್ಕ. ಒಂದೆರಡು ತಿಂಗಳು ನೋಡಿ ಏನೂ ಆಗ್ಲಿಲ್ಲ ಅಂತ ಕೈಬಿಡಬೇಡಿ. ಊಟ ಆದ್ಮೇಲೆ ಮುಂದೆ ಕೂತು ಕಲಿಸೋದು ನಮ್ಮ ಕೆಲಸಾನೇ, ಅದಕ್ಕೆ ಬದಲಿ ಇಲ್ಲ. ಮಂಕಾಗಿದ್ದವರಲ್ಲಿ ಒಬ್ಬಳಿಗೆ ಬೇಕಾಗಿದ್ದು ಕನ್ನಡಕ ಅಂತ ಗೊತ್ತಾಗೋಕೆ ನನಗೆ ಇನ್ನೊಂದು ವರ್ಷ ಹಿಡೀತು.

ಆ ಹುಡುಗ ಈಗ ಪಕ್ಕದೂರಿನ ಹೈಸ್ಕೂಲಿಗೆ ಹೋಗ್ತಾನೆ. ನೋಟ್‌ಬುಕ್ ಪ್ರತಿ ಜೂನ್‌ಗೆ ಹೊಸದು ತೆಗೀತೀನಿ, ಮೊದಲ ವಾರ ಯಾರಿಗೂ ಅಕ್ಷರ ಕೇಳೋದಿಲ್ಲ, ಏನು ತಿಂದು ಬಂದೆ ಪುಟ್ಟಾ ಅಂತ ಮಾತ್ರ ಕೇಳ್ತೀನಿ.