ನಂಜೆಂದು ಎಲ್ಲವನ್ನೂ ಬಿಡುವ ಮೊದಲು

ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಮೈ ತುರಿಸಿದರೆ ಮೊದಲು ಸಿಗುವ ಸಲಹೆ: ಮೀನು, ಮೊಟ್ಟೆ, ಬದನೆ, ಹಲಸು ಎಲ್ಲ ನಂಜು, ಬಿಟ್ಟುಬಿಡಿ. ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ ತುರಿಕೆ ಇಳಿದರೂ ಯಾವುದರಿಂದ ಇಳಿಯಿತೆಂದು ಗೊತ್ತಾಗುವುದಿಲ್ಲ. ಕರುಳಿಗೂ ಚರ್ಮಕ್ಕೂ ನಂಟಿದೆ, ಆದರೆ ಎಲ್ಲ ಚರ್ಮರೋಗಕ್ಕೂ ಒಂದೇ ಬಗೆಯದಲ್ಲ.

ಹಾಗಾಗಿ ಮೊದಲು ರೋಗ ಯಾವುದೆಂದು ಚರ್ಮದ ಡಾಕ್ಟರಲ್ಲಿ ಖಚಿತ ಮಾಡಿಕೊಳ್ಳಿ. ಮಳೆಗಾಲದಲ್ಲಿ ತೊಡೆಸಂದಿಯಲ್ಲಿ ಉಂಗುರದಂತೆ ಹರಡುವುದು ಹೆಚ್ಚಾಗಿ ಗಜಕರ್ಣ. ಅದು ಫಂಗಸ್, ಪಥ್ಯಕ್ಕೆ ಬಗ್ಗುವುದಿಲ್ಲ. ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ತಗ್ಗಿದಂತೆ ಕಂಡು ಇನ್ನಷ್ಟು ಹಬ್ಬುತ್ತದೆ. ಮೊಣಕೈ, ಮೊಣಕಾಲು, ಕುಂಡೆಯ ಮೇಲೆ ಎರಡೂ ಬದಿ ವಿಪರೀತ ತುರಿಸುವ ಸಣ್ಣ ಗುಳ್ಳೆಗಳಿದ್ದರೆ, ಗೋಧಿಯ ಗ್ಲುಟೆನ್‌ನಿಂದ ಕರುಳಿನ ಒಳಪದರ ಹಾಳಾಗುವ ಸೀಲಿಯಾಕ್ ರೋಗದ ಶಂಕೆ ಬರಬೇಕು. ಆಗ ಈ ರೋಗದ ಪ್ರತಿಕಾಯ ಹುಡುಕುವ ಟಿಟಿಜಿ ರಕ್ತಪರೀಕ್ಷೆ ಆಗುವವರೆಗೆ ರಾತ್ರಿಯ ಚಪಾತಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲಿ ಪ್ರತಿಕಾಯ ಇಳಿದು, ರೋಗವಿದ್ದೂ ಇಲ್ಲವೆಂಬ ರಿಪೋರ್ಟ್ ಬರಬಹುದು. ಚರ್ಮ ದಪ್ಪಗಾಗಿ ಹೊಟ್ಟು ಏಳುವ ಸೋರಿಯಾಸಿಸ್ ಇದ್ದವರಿಗೆ ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ತೂಕ ಇಳಿಕೆ ಕಂಡರೆ ಕರುಳು ಉರಿಯೂತದಿಂದ ಬಾಧಿತವಾಗುವ ಕ್ರೋನ್ಸ್ ಕಾಯಿಲೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ಇನ್ನು ಆಹಾರದ ಪರೀಕ್ಷೆ. ಎರಡು ವಾರ ಏನನ್ನೂ ಬಿಡದೆ ಬರೆಯಿರಿ: ತಿಂದದ್ದು, ಹೊತ್ತು, ಹೊಟ್ಟೆ ಹೇಗಿತ್ತು, ತುರಿಕೆಗೆ ಹತ್ತರಲ್ಲಿ ಎಷ್ಟು ಅಂಕ. ಬೆರಳು ಸೇರಿ ನಿಮ್ಮ ಅಂಗೈ ಎಂದರೆ ಮೈ ಚರ್ಮದ ಸುಮಾರು ಶೇ. 1, ಎಷ್ಟು ಅಂಗೈ ಜಾಗ ಹಿಡಿದಿದೆ ಎಂದು ವಾರಕ್ಕೊಮ್ಮೆ ನೋಡಿ. ಮದ್ದು, ಬೆವರು, ಹೊಸ ಸೋಪು ಕೂಡ ಬರೆಯದಿದ್ದರೆ ತಪ್ಪೆಲ್ಲ ಬದನೆಯ ತಲೆಗೆ! ಆಮೇಲೆ ಅನುಮಾನ ಬಂದ ಒಂದನ್ನು ಮಾತ್ರ ಮೂರು ವಾರ ಬಿಟ್ಟು, ಮತ್ತೆ ಸ್ವಲ್ಪಸ್ವಲ್ಪವಾಗಿ ತಿನ್ನಿ. ತಿಂದಾಗ ಕೆರಳಿ, ಬಿಟ್ಟಾಗ ಇಳಿದರೆ ಮಾತ್ರ ಅದು ನಿಮಗೆ ನಂಜು. ಚರ್ಮ ಒಣಗಿ ತುರಿಸುವ ಎಕ್ಸಿಮಾ ಇರುವ ಮಕ್ಕಳಿಗೆ ಹಾಲು, ಮೊಟ್ಟೆಯನ್ನು ಡಾಕ್ಟರನ್ನು ಕೇಳದೆ ಬಿಡಿಸಬೇಡಿ. ಬಹುಕಾಲ ಬಿಟ್ಟು ಮತ್ತೆ ಕೊಟ್ಟಾಗ ತೀವ್ರ ಅಲರ್ಜಿ ಆಗುವುದುಂಟು.

ಬಂಗುಡೆಯ ವಿಷಯ ಬೇರೆ. ಐಸಿಲ್ಲದೆ ಬಿಸಿಲಲ್ಲಿ ಉಳಿದ ಬಂಗುಡೆಯಲ್ಲಿ ಬ್ಯಾಕ್ಟೀರಿಯಾ ಅಲರ್ಜಿಯಂತೆ ದದ್ದು ಎಬ್ಬಿಸುವ ಹಿಸ್ಟಮಿನ್ ಉಂಟುಮಾಡುತ್ತದೆ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಉಂಡು ಒಂದು ಗಂಟೆಯೊಳಗೆ ಮುಖ ಕೆಂಪಾಗಿ ದದ್ದೆದ್ದರೆ ಅದು ಮೀನಿನ ಅಲರ್ಜಿಯೇ ಆಗಬೇಕೆಂದಿಲ್ಲ. ಆದರೆ ತುಟಿ ಬಾತರೆ, ಉಸಿರು ಕಟ್ಟಿದರೆ ಲೆಕ್ಕ ಹಾಕುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಬಿಡುವುದಕ್ಕಿಂತ ಸೇರಿಸುವುದು ಮೇಲು. ಬಾಳೆದಿಂಡು, ಬಸಳೆ, ಅಲಸಂಡೆ, ಹೆಸರುಕಾಳಿನ ನಾರನ್ನು ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿ, ಕರುಳಿನ ಒಳಪದರಕ್ಕೆ ಪೋಷಣೆಯಾಗುವ ಆಮ್ಲಗಳನ್ನು ಮಾಡುತ್ತವೆ. ಮೊದಲ ವಾರ ದಿನಕ್ಕೆ ಅರ್ಧ ಕಪ್ ಸಾಕು. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಿ ಮೂರನೇ ದಿನವೇ ಬೇಡವೆನಿಸುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ದುಬಾರಿ ಪ್ರೋಬಯಾಟಿಕ್ ಕ್ಯಾಪ್ಸೂಲ್‌ಗೆ ಆತುರ ಬೇಡ: ಎಕ್ಸಿಮಾದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯಲ್ಲಿ ರೋಗಲಕ್ಷಣ ಅಷ್ಟೇನೂ ತಗ್ಗಿರಲಿಲ್ಲ.

ಪಥ್ಯ ಶುರುಮಾಡಿದೆವೆಂದು ಮಾತ್ರೆ ನಿಲ್ಲಿಸಬೇಡಿ. ಸೋರಿಯಾಸಿಸ್ ಇದ್ದವರು ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಮೈತುಂಬ ಕೀವುಗುಳ್ಳೆ ಎದ್ದು ಆಸ್ಪತ್ರೆ ಸೇರಬೇಕಾದೀತು.