ಗುಂಡಿ ಒತ್ತುವುದು ಒಂದೇ ಸಲ

ಅಮೆರಿಕನ್ ಫುಟ್‌ಬಾಲ್‌ನ ಒಂದು ಕಾಲ್ಪನಿಕ ಲೀಗನ್ನು ನಾನು ಮೈಸೂರಿನಲ್ಲಿ ಕುಳಿತು ನಡೆಸುತ್ತಿದ್ದೇನೆ. ಹನ್ನೆರಡು ತಂಡಗಳಿವೆ. ಒಮಾಹಾ, ಬೋಯ್ಸಿ, ಟೊಲೀಡೊ, ಟುಸಾನ್ ಹೀಗೆ ಎಲ್ಲವೂ ಅಲ್ಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ತಂಡವಿಲ್ಲದ ಊರುಗಳ ಹೆಸರು ಹೊತ್ತವು. ಆಟಗಾರರು ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ನಿವೃತ್ತರಾಗುವವರು. ಮಾಲೀಕರು ಮಾತ್ರ ನಿಜವಾದ ಮನುಷ್ಯರು, ಹೆಚ್ಚಿನವರು ಅಮೆರಿಕದಲ್ಲಿರುವವರು. ಟುಸಾನ್ ತಂಡ ಡಲ್ಲಾಸ್‌ನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನದು. ನನಗೆ ಈ ಆಟದ ಹುಚ್ಚು ಹಿಡಿಸಿದವನೂ ಅವನೇ. ವಾರಕ್ಕೆ ಆರು ಪಂದ್ಯ. ಆರನ್ನೂ ಆಡಿಸಿ ಮುಗಿಸಲು ಕಂಪ್ಯೂಟರಿಗೆ ಕೆಲವು ಸೆಕೆಂಡು ಸಾಕು. ಆ ಫಲಿತಾಂಶವನ್ನು ಹನ್ನೆರಡು ಮಂದಿಯೂ ನಂಬುವಂತೆ ಮಾಡುವುದಕ್ಕೆ ವಾರವಿಡೀ ಬೇಕು.

ಶಾಲೆಯಲ್ಲಿ ಬುಕ್ ಕ್ರಿಕೆಟ್ ಆಡಿದವರಿಗೆ ಇದರ ಬೇರು ಚೆನ್ನಾಗಿ ಗೊತ್ತು. ಪುಸ್ತಕ ತೆರೆದು ಎಡಪುಟದ ಸಂಖ್ಯೆಯ ಕೊನೆಯ ಅಂಕಿ ನೋಡುತ್ತಿದ್ದೆವು. 2, 4, 6, 8 ಬಂದರೆ ಅಷ್ಟು ರನ್, ಸೊನ್ನೆ ಬಂದರೆ ಔಟ್. ಲೆಕ್ಕ ಹಾಕಿದರೆ ಪ್ರತಿ ಆಟಗಾರ ಔಟಾಗುವ ಮುನ್ನ ಸರಾಸರಿ ನಾಲ್ಕು ಎಸೆತಗಳಲ್ಲಿ ರನ್ ಗಳಿಸುತ್ತಾನೆ, ಅಂಥ ಎಸೆತಕ್ಕೆ ಸರಾಸರಿ ಐದು ರನ್. ಒಟ್ಟು 20. ಆರಂಭಿಕನಿಗೂ 20, ಹನ್ನೊಂದನೆಯವನಿಗೂ 20. ಬ್ಯಾಟ್ ಹಿಡಿದವನು ಯಾರು ಎಂಬುದು ಪುಸ್ತಕಕ್ಕೆ ತಿಳಿಯದು. ನನ್ನ ಪ್ರೋಗ್ರಾಂ ಮಾಡುವುದೆಲ್ಲ ಆ ಕೊರತೆಯನ್ನು ತುಂಬುವ ಕೆಲಸ: ಯಾರು ಎಸೆದರು, ಯಾರು ಹಿಡಿದರು, ಯಾರು ತಡೆದರು, ಗಾಳಿ ಹೇಗಿತ್ತು.

ಅಮೆರಿಕನ್ ಫುಟ್‌ಬಾಲ್ ಇಂಥ ಲೆಕ್ಕಕ್ಕೆ ಹೇಳಿ ಮಾಡಿಸಿದ ಆಟ. ಡೌನ್ ಎಂದು ಕರೆಯುವ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಸಾಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಯತ್ನದ ಕೊನೆಗೆ ಆಟ ನಿಂತು ಮತ್ತೆ ಶುರುವಾಗುತ್ತದೆ. ಎಷ್ಟನೇ ಡೌನ್, ಇನ್ನೆಷ್ಟು ಗಜ ಬೇಕು, ಚೆಂಡು ಎಲ್ಲಿದೆ, ಸಮಯವೆಷ್ಟು, ಅಂಕವೆಷ್ಟು, ಇಷ್ಟು ಗೊತ್ತಾದರೆ ಪಂದ್ಯದ ಸ್ಥಿತಿ ಕೈಯಲ್ಲಿದ್ದಂತೆ. ಎನ್‌ಎಫ್‌ಎಲ್‌ನ ಸಿನ್ಸಿನಾಟಿ ಬೆಂಗಲ್ಸ್ ತಂಡದಲ್ಲಿ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ವರ್ಜಿಲ್ ಕಾರ್ಟರ್ ಅವರು ಸಂಶೋಧಕ ರಾಬರ್ಟ್ ಮಚೋಲ್ ಅವರೊಡನೆ ಸೇರಿ, ಮೈದಾನದ ಯಾವ ಗೆರೆಯ ಬಳಿ ಚೆಂಡು ಸಿಕ್ಕರೆ ಅದು ಎಷ್ಟು ಅಂಕಕ್ಕೆ ಸಮ ಎಂದು 1971ರಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ್ದರು. ಮೈದಾನದಲ್ಲಿ ಪೆಟ್ಟು ತಿನ್ನುತ್ತಿದ್ದವನೇ ಕೂತು ಹಾಕಿದ ಲೆಕ್ಕವದು. ಅದಕ್ಕೇ ನನಗೆ ಅದರ ಮೇಲೆ ವಿಶೇಷ ಗೌರವ.

ಪಂದ್ಯದ ಅಂಕಗಳನ್ನು ನೇರವಾಗಿ ಊಹಿಸುವ ಪ್ರೋಗ್ರಾಂ ಬರೆಯುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಚೆಂಡನ್ನು ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲಿಗೆ ಮೂರು ಅಂಕ, ಎದುರಾಳಿಯ ತುದಿಗೆ ಮುಟ್ಟಿಸುವ ಟಚ್‌ಡೌನಿಗೆ ಆರು, ಮೇಲೆ ಸಾಮಾನ್ಯವಾಗಿ ಒಂದು. ಹೀಗಾಗಿ ಎನ್‌ಎಫ್‌ಎಲ್‌ನಲ್ಲಿ ಸರಿಸುಮಾರು ಏಳರಲ್ಲಿ ಒಂದು ಪಂದ್ಯ ಸರಿಯಾಗಿ ಮೂರೇ ಅಂಕಗಳ ಅಂತರದಲ್ಲಿ ಮುಗಿಯುತ್ತದೆ. ಏಳರ ಅಂತರವೂ ಪದೇಪದೇ ಕಾಣುತ್ತದೆ, ಐದರದು ಅಪರೂಪ. ಪ್ರತಿ ಯತ್ನವನ್ನೂ ಬೇರೆಬೇರೆಯಾಗಿ ಆಡಿಸಿದಾಗ ಮಾತ್ರ ಈ ಉಬ್ಬುತಗ್ಗು ತಾನಾಗಿ ಮೂಡುತ್ತದೆ. ಪ್ರೋಗ್ರಾಂನಲ್ಲಿ ಏನೇ ತಿದ್ದಿದರೂ ನಾನು ಮೊದಲು ನೋಡುವುದು ಮೂರರ ಅಂತರದ ಪಂದ್ಯಗಳು ಸಾಕಷ್ಟು ಬರುತ್ತಿವೆಯೇ ಎಂಬುದನ್ನು. ತವರು ಮೈದಾನದ ಅನುಕೂಲವನ್ನು ಬೇಕೆಂದೇ ಸಣ್ಣದಾಗಿ ಇಟ್ಟಿದ್ದೇನೆ. ಪ್ರೇಕ್ಷಕರು ವಿರಳವಾಗಿದ್ದ 2020ರಲ್ಲಿ ಎನ್‌ಎಫ್‌ಎಲ್‌ನ ಆತಿಥೇಯ ತಂಡಗಳು 127 ಪಂದ್ಯ ಗೆದ್ದು 128 ಸೋತಿದ್ದವು. ನಮ್ಮ ಲೀಗಿನಲ್ಲಂತೂ ಕೂಗುವವರೇ ಇಲ್ಲ.

ವಾರ ಶುರುವಾಗುವುದು ಮಂಗಳವಾರ, ಗಾಯಾಳುಗಳ ಪಟ್ಟಿಯೊಂದಿಗೆ. ಅಲ್ಲಿಂದ ಶನಿವಾರದವರೆಗೆ ಮಾಲೀಕರು ತಂತ್ರದ ಹಾಳೆ ತುಂಬುತ್ತಾರೆ: ಮೊದಲ ಡೌನಿನಲ್ಲಿ ಓಟವೋ ಪಾಸೋ, ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ಮುಗಿಬೀಳುವ ಬ್ಲಿಟ್ಜ್ ಎಷ್ಟು ಸಲ, ನಾಲ್ಕನೇ ಡೌನಿನಲ್ಲಿ ಎಷ್ಟು ಧೈರ್ಯ. ಶನಿವಾರ ರಾತ್ರಿ ನ್ಯೂಯಾರ್ಕ್ ಸಮಯ ಒಂಬತ್ತಕ್ಕೆ ಬಾಗಿಲು ಮುಚ್ಚುತ್ತದೆ. ನನಗದು ಭಾನುವಾರ ಬೆಳಿಗ್ಗೆ 6:30. ನವೆಂಬರಿನ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿದ ಮೇಲೆ 7:30. ಬಾಗಿಲು ಮುಚ್ಚಿದ ಕೂಡಲೇ ಹನ್ನೆರಡೂ ಹಾಳೆಗಳನ್ನು ಎಲ್ಲರಿಗೂ ಕಳುಹಿಸುತ್ತೇನೆ. ಆಮೇಲೆ ಯಾರೂ ಏನನ್ನೂ ಬದಲಿಸುವಂತಿಲ್ಲ, ನಾನೂ ಸೇರಿ.

ಇಲ್ಲಿಂದ ಮುಂದಿನದೇ ಇಡೀ ಲೀಗಿನ ಜೀವಾಳ. ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಗಳು ಒಂದು ಬೀಜಸಂಖ್ಯೆಯಿಂದ ಹುಟ್ಟುತ್ತವೆ. ಅದೇ ಬೀಜ ಕೊಟ್ಟರೆ ಅದೇ ಪಂದ್ಯ, ಯತ್ನಕ್ಕೆ ಯತ್ನ ಹಾಗೆಯೇ ಮರುಕಳಿಸುತ್ತದೆ. ಆ ಬೀಜವನ್ನು ನಾನೇ ಆರಿಸಿದರೆ, ನನಗೆ ಬೇಕಾದ ಫಲಿತಾಂಶ ಬರುವವರೆಗೂ ಬೀಜ ಬದಲಿಸುತ್ತ ಕೂತಿದ್ದೆ ಎಂದು ಯಾರಾದರೂ ಅನುಮಾನಿಸಬಹುದು, ಅದೂ ನನ್ನ ಸೋದರಳಿಯನ ತಂಡ ಕಣದಲ್ಲಿರುವಾಗ. ಅದಕ್ಕಾಗಿ ಅಮೆರಿಕದ ಪವರ್‌ಬಾಲ್ ಲಾಟರಿಯ ಮೊರೆ ಹೋಗಿದ್ದೇನೆ. ಅದರ ಶನಿವಾರದ ಡ್ರಾ ನಡೆಯುವುದು ನ್ಯೂಯಾರ್ಕ್ ಸಮಯ ರಾತ್ರಿ 10:59ಕ್ಕೆ, ಅಂದರೆ ನಮ್ಮ ಬಾಗಿಲು ಮುಚ್ಚಿ ಸುಮಾರು ಎರಡು ಗಂಟೆಯಾದ ಮೇಲೆ. 69ರಲ್ಲಿ ಐದು ಬಿಳಿ ಚೆಂಡು, 26ರಲ್ಲಿ ಒಂದು ಕೆಂಪು ಚೆಂಡು. ಆ ಆರು ಸಂಖ್ಯೆಗಳನ್ನು ಸಾಲಾಗಿ ಜೋಡಿಸಿದರೆ ನಮ್ಮ ಬೀಜ ಸಿದ್ಧ. ಪ್ರೋಗ್ರಾಂನ ಒಂದೊಂದು ಪ್ರತಿ ಎಲ್ಲ ಮಾಲೀಕರ ಬಳಿಯೂ ಇರುವುದರಿಂದ ಬೇಕಾದವರು ತಮ್ಮ ಮನೆಯಲ್ಲೇ ಪಂದ್ಯ ಆಡಿಸಿ ತಾಳೆ ನೋಡಬಹುದು. ಈ ವ್ಯವಸ್ಥೆ ಬಂದ ಮೇಲೆ ಲೀಗಿನಲ್ಲಿ ಜಗಳಗಳು ನಿಂತಿಲ್ಲ, ಆದರೆ ಅವು ಫುಟ್‌ಬಾಲ್ ಕುರಿತ ಜಗಳಗಳಾಗಿವೆ. ನನಗೆ ಬೇಕಾಗಿದ್ದುದೂ ಅದೇ.

ಕಳೆದ ನವೆಂಬರಿನ ಒಂದು ವಾರ ಒಮಾಹಾ ತನ್ನ ತವರಿನಲ್ಲಿ ಬೋಯ್ಸಿಯನ್ನು ಎದುರಿಸಿತು. ಗಾಳಿ ಜೋರಾಗಿತ್ತು, ಎರಡೂ ಕಡೆ ಉದ್ದದ ಪಾಸುಗಳು ನೆಲ ಕಚ್ಚುತ್ತಿದ್ದವು. ಕೊನೆಯ ಕ್ವಾರ್ಟರಿನಲ್ಲಿ ಒಮಾಹಾ 13–17ರಿಂದ ಹಿಂದಿತ್ತು. ಚೆಂಡು ಬೋಯ್ಸಿಯ 38ನೇ ಗಜದ ಗೆರೆಯಲ್ಲಿ, ನಾಲ್ಕನೇ ಡೌನ್, ಬೇಕಿದ್ದುದು ಎರಡು ಗಜ. ಫೀಲ್ಡ್ ಗೋಲ್ ಎಂದರೆ ಎದುರುಗಾಳಿಯಲ್ಲಿ ಸುಮಾರು 55 ಗಜದ ಒದೆತ. ಅದು ಸಿಕ್ಕರೂ ಒಂದು ಅಂಕ ಕಡಿಮೆ. ಉಳಿದದ್ದು ಪಂಟ್ ಮಾಡಿ ಚೆಂಡನ್ನು ದೂರಕ್ಕೆ ಒದೆಯುವುದು ಇಲ್ಲವೇ ಎರಡು ಗಜಕ್ಕೆ ನುಗ್ಗುವುದು. ಮೈದಾನದ ಅರ್ಧ ದಾಟಿದ ಮೇಲೆ ಮೂರು ಗಜದೊಳಗಿದ್ದರೆ ನುಗ್ಗಬೇಕೆಂದು ಒಮಾಹಾ ಮಾಲೀಕರ ಹಾಳೆಯಲ್ಲಿ ಬರೆದಿತ್ತು. ತಂಡ ನುಗ್ಗಿತು. ಸಿಕ್ಕಿದ್ದು ಒಂದೇ ಗಜ. ಬೋಯ್ಸಿ ಅಲ್ಲಿಂದ ಹೊರಟು ಫೀಲ್ಡ್ ಗೋಲ್ ಗಳಿಸಿತು, ಒಮಾಹಾದ ಕೊನೆಯ ಪಾಸ್ ಎದುರಾಳಿಯ ಕೈಸೇರಿತು. 20–13.

ಆ ಮಾಲೀಕರು ಓಹಿಯೋದಲ್ಲಿರುವ ನಿವೃತ್ತ ಶಿಕ್ಷಕರು. ತಂತ್ರದ ಹಾಳೆ ಬದಲಿಸಬೇಕೇ ಎಂದು ಸೋಮವಾರ ಬರೆದು ಕೇಳಿದರು. ಅದೇ ಸ್ಥಿತಿಯಿಂದ, ಅದೇ ಗಾಳಿಯಲ್ಲಿ, ಬೀಜ ಬದಲಿಸುತ್ತ ಹತ್ತು ಸಾವಿರ ಸಲ ಆಡಿಸಿದೆ. ಇದು ಅಭ್ಯಾಸಕ್ಕೆ ಮಾತ್ರ, ದಾಖಲೆಗಲ್ಲ. ನುಗ್ಗಿದಾಗ ಒಮಾಹಾ ಗೆದ್ದದ್ದು ಪಂಟ್ ಮಾಡಿದಾಗಿನದಕ್ಕಿಂತ ಸ್ಪಷ್ಟವಾಗಿ ಹೆಚ್ಚು. ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2006ರಲ್ಲಿ ನಿಜವಾದ ಎನ್‌ಎಫ್‌ಎಲ್ ಪಂದ್ಯಗಳನ್ನು ಪರಿಶೀಲಿಸಿ, ತಂಡಗಳು ನಾಲ್ಕನೇ ಡೌನಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಲ ಒದೆದು ಕೈಬಿಡುತ್ತವೆ ಎಂದು ತೋರಿಸಿದ್ದರು. ಅದನ್ನೂ ಬರೆದು, “ನಿಮ್ಮ ಹಾಳೆ ಸರಿಯಾಗಿತ್ತು, ಫಲ ಬರಲಿಲ್ಲ, ಬದಲಿಸಬೇಡಿ” ಎಂದು ಉತ್ತರಿಸಿದೆ. ಹಾಗಾದರೆ ಪಂದ್ಯವನ್ನು ಮತ್ತೊಮ್ಮೆ ಆಡಿಸಬಾರದೇಕೆ ಎಂದು ಬೇರೊಬ್ಬ ಮಾಲೀಕರು ಕೇಳಿದರು. ಅದಕ್ಕೆ ನನ್ನ ಉತ್ತರ ಖಡಾಖಂಡಿತ: ಇಲ್ಲ. ಹತ್ತು ಸಾವಿರ ಸಲ ಆಡಿಸಿದರೆ ತಂತ್ರದ ತೂಕ ತಿಳಿಯುತ್ತದೆ, ಪಂದ್ಯ ನಡೆದಂತಾಗುವುದಿಲ್ಲ. ಒಂದೇ ಸಲ ಆಡಿಸಿದ್ದಕ್ಕೇ ಬೋಯ್ಸಿಯ ಗೆಲುವಿಗೆ ಬೆಲೆ. ಕೈಜಾರಿ ಬಿದ್ದ ಚೆಂಡು ಯಾರ ಪಾಲಾಗುತ್ತದೆ ಎಂಬುದು ನಿಜವಾದ ಮೈದಾನದಲ್ಲೂ ಹೆಚ್ಚುಕಡಿಮೆ ಅರ್ಧಕ್ಕರ್ಧ ಅದೃಷ್ಟ. ಅಲ್ಲಿ ಯಾರೂ ಮತ್ತೊಮ್ಮೆ ಬೀಳಿಸಿ ನೋಡುವುದಿಲ್ಲ.

ಉಳಿದ ಐದು ಪಂದ್ಯಗಳ ವರದಿಯನ್ನು ಅದೇ ವಾರ ಬರೆದು ಕಳುಹಿಸಿದೆ. ಟುಸಾನ್ ಸೋತಿತು, ಸೋದರಳಿಯ ಫೋನ್ ಮಾಡಿ ರಕ್ಷಣಾ ವಿಭಾಗವನ್ನು ಅರ್ಧ ಗಂಟೆ ಬೈದ.

ಮುಂದಿನ ಋತುವಿಗೆ ಈಗ ಕಿಕ್‌ಆಫ್, ಅಂದರೆ ಚೆಂಡನ್ನು ಎದುರಾಳಿಯತ್ತ ಒದ್ದು ಆಟ ಶುರುಮಾಡುವ ಭಾಗವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಎನ್‌ಎಫ್‌ಎಲ್ 2024ರಲ್ಲಿ ಆ ನಿಯಮವನ್ನೇ ಬದಲಿಸಿತು. ಚೆಂಡು ನೇರವಾಗಿ ಮೈದಾನದ ತುದಿಯ ಎಂಡ್‌ಜೋನಿಗೆ ಹೋದರೆ ಎದುರಾಳಿಗೆ ಆ ವರ್ಷ 30ನೇ ಗಜದಿಂದ ಆಟ ಸಿಗುತ್ತಿತ್ತು, 2025ರಿಂದ 35ನೇ ಗಜದಿಂದ. ನಮ್ಮ ಮಾಲೀಕರು ಮತ ಹಾಕಿ 35ನ್ನು ಒಪ್ಪಿದ್ದಾರೆ. ಐದು ಗಜ ಮುಂದೆ ಶುರುವಾದರೆ ಫೀಲ್ಡ್ ಗೋಲ್‌ಗಳು ಹೆಚ್ಚುತ್ತವೆ, ಮೂರರ ಅಂತರದ ಲೆಕ್ಕವೂ ಅಲುಗಾಡುತ್ತದೆ. ಹಾಗಾಗಿ ಆ ಪರೀಕ್ಷೆಯನ್ನೆಲ್ಲ ಮತ್ತೆ ಮೊದಲಿಂದ ಮಾಡಬೇಕಾಗಿದೆ.