ಹಳೇ ಹಿಲ್‌ಮನ್ ಇಂಪ್ ಕೊಳ್ಳುವ ಮುನ್ನ ಹೀಗೆ ನೋಡಿ

1963ರಿಂದ 1976ರವರೆಗೆ ಸ್ಕಾಟ್ಲೆಂಡಿನ ಲಿನ್‌ವುಡ್‌ನಲ್ಲಿ ಸುಮಾರು 4.4 ಲಕ್ಷ ಇಂಪ್ ಕಾರುಗಳು ತಯಾರಾದವು. ಈಗ ರಸ್ತೆಯಲ್ಲಿ ಒಂದು ಕಂಡರೆ ಅದೇ ದೊಡ್ಡದು, ಅಲ್ವಾ? ಸಿಕ್ಕರೆ ಬಿಡಬೇಡಿ. ಆದರೆ ಮೊದಲು ಮಂಡಿಯೂರಿ ಅಡಿಭಾಗ ನೋಡಿ. ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಚಕ್ರದ ಮೇಲಿನ ತಗಡು, ಎರಡನ್ನೂ ಹೆಬ್ಬೆರಳಿನಿಂದ ಒತ್ತಿ. ಬಣ್ಣದಡಿ ತಗಡು ಹಪ್ಪಳದ ಹಾಗೆ ಪುಡಿಯಾದರೆ ವೆಲ್ಡಿಂಗ್ ಕೆಲಸ ಜಾಸ್ತಿ ಇದೆ.

ಎಂಜಿನ್ 875 ಸಿಸಿ, ಅಲ್ಯೂಮಿನಿಯಂನದು, ಹಿಂದೆ ಕೂತಿದೆ. ರೇಡಿಯೇಟರ್ ಕೂಡ ಅದರ ಪಕ್ಕದಲ್ಲೇ. ವಿಪರೀತ ಬಿಸಿಯಾದರೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಸೊಟ್ಟಗಾಗಿ ಅದರಡಿಯ ಗ್ಯಾಸ್ಕೆಟ್ (ನೀರು, ಎಣ್ಣೆ ಬೆರೆಯದಂತೆ ತಡೆಯುವ ಪದರ) ಹೋಗುತ್ತದೆ, ಇಂಪ್‌ಗಳು ಮೂಲೆ ಸೇರಿದ್ದಕ್ಕೆ ಇದೂ ಒಂದು ಕಾರಣ. ಹಾಗಾಗಿ ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಿರಿ, ನೀರಿನ ಮೇಲೆ ಎಣ್ಣೆ ತೇಲುತ್ತಿದೆಯಾ, ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಪದರ ಅಂಟಿದೆಯಾ ನೋಡಿ, ಇದ್ದರೆ ಬೆಲೆ ಇಳಿಸದೆ ಮುಟ್ಟಬೇಡಿ. ಕೊಂಡ ಮೇಲೆ ಸುಮ್ನೆ ನಲ್ಲಿ ನೀರು ತುಂಬಬೇಡಿ, ವರ್ಷವಿಡೀ ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ, ಲೋಹ ಸವೆಯದಂತೆ ತಡೆಯುವ ದ್ರವ) ಬೆರೆಸಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಒಳಗಿಂದಲೇ ಸವೆಯುತ್ತದೆ.

ಟೈರಿನ ಗಾಳಿ ಮುಂದೆ 18, ಹಿಂದೆ 30 ಪಿಎಸ್ಐ. ನಾಲ್ಕಕ್ಕೂ ಒಂದೇ ಸಮ ಹೊಡೆಸಿದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ.

40 ವರ್ಷ ದಾಟಿದ, ಹೆಚ್ಚು ಬದಲಾಯಿಸದ ಕಾರಿಗೆ ಬ್ರಿಟನ್ನಿನಲ್ಲಿ ಎಂಒಟಿ ಪರೀಕ್ಷೆ (ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ವಾರ್ಷಿಕ ತಪಾಸಣೆ) ಕಡ್ಡಾಯವಲ್ಲ. ಆದರೂ ವರ್ಷಕ್ಕೊಮ್ಮೆ ಮಾಡಿಸಿ.